ಹಾಲೂ ಬರಲಿಲ್ಲ, ಮುಟ್ಟೂ ಬರಲಿಲ್ಲ

ಆ ದಿನ ಡ್ಯೂಟಿ ಮುಗಿಸಿ ಮನೆಗೆ ಬಂದಾಗ ಸುಮಾ ಹೊರಗಿನ ಮೆಟ್ಟಿಲ ಮೇಲೆ ಕಾಲು ಚಾಚಿ ಕುಳಿತು ಹಸಿ ಕಡಲೆ ಸುಲಿಯುತ್ತಿದ್ದಳು. ಪಾತ್ರೆಯನ್ನು ಹೊಟ್ಟೆಯ ಮೇಲೆಯೇ ಇಟ್ಟುಕೊಂಡಿದ್ದಳು. ಸುಲಿದ ಕಾಳಿನಲ್ಲಿ ಅರ್ಧ ಪಾತ್ರೆಗೆ, ಅರ್ಧ ಬಾಯಿಗೆ. ತೊಂಬತ್ತರ ದಶಕದ ಮೊದಲ ವರ್ಷಗಳು, ಜನವರಿ ತಿಂಗಳ ಬಿಸಿಲು. ಪುಣೆಯ ಖಡಕಿಯಲ್ಲಿದ್ದ ನಮ್ಮ ಚಾಳಿನ ಅಂಗಳದಲ್ಲಿ ಯಾರದೋ ಹಪ್ಪಳ ಒಣಗುತ್ತಿತ್ತು.

ಸುಮಾ ನನ್ನ ಯಜಮಾನರ ತಂಗಿ, ನಾನು ಅವಳಿಗೆ ವೈನಿ, ಅಂದರೆ ಅತ್ತಿಗೆ. ನನ್ನ ಅತ್ತೆ ಮಾವ ಇಬ್ಬರೂ ತೀರಿಕೊಂಡಿದ್ದರಿಂದ ನಮ್ಮ ಮನೆಯೇ ಅವಳ ತವರು. ಪುಣೆ ಹತ್ತಿರದ ಶಿರೂರಿನಲ್ಲಿ ಕಾಳಿನ ವ್ಯಾಪಾರ ಮಾಡುವ, ನಮ್ಮ ವಿಜಾಪುರದ ಕಡೆಯಿಂದಲೇ ಬಂದ ಮನೆತನಕ್ಕೆ ಅವಳನ್ನು ಕೊಟ್ಟಿದ್ದೆವು. ಮೊದಲ ಹೆರಿಗೆಗೆ ಬಂದಿದ್ದಳು.

"ಏನ್ರಿ ವೈನಿ, ಇವತ್ತ ಎಷ್ಟ ಮಂದೀಗೆ ಕೇಳಿ ಬಂದ್ರಿ?" ಎಂದಳು, ನಾನು ಚಪ್ಪಲಿ ಬಿಡುವ ಮೊದಲೇ.

"ಏನು ಕೇಳೋದು?"

"ಅದೇ, ನಿಮ್ಮ ಪ್ರಶ್ನಿ. ಹಾದ್ಯಾಗ ಸಿಕ್ಕವರಿಗೆಲ್ಲಾ 'ಮುಟ್ಟಾದಿ ಏನವಾ' ಅಂತ ಕೇಳ್ಕೋತ ಬರ್ತೀರಿ. ಒಂದಿನ ಬಸ್ಸಿನ ಕಂಡಕ್ಟರಗೂ ಕೇಳಿಬಿಡ್ತೀರಿ ನೋಡ್ರಿ."

"ಕೇಳ್ತೀನಿ ತಗೋ. ಟಿಕೆಟ್ ಪುಗಸಟ್ಟೆ ಕೊಟ್ಟಾನು."

ಅವಳು ನಕ್ಕ ರಭಸಕ್ಕೆ ಪಾತ್ರೆ ಉರುಳಿ ಕಾಳೆಲ್ಲ ಚೆಲ್ಲಿತು. ಬಗ್ಗಲು ಆಗದೆ ಕೂತಲ್ಲಿಂದಲೇ ಕೈ ಮಾಡಿ ತೋರಿಸಿ ಎಲ್ಲವನ್ನೂ ನನ್ನಿಂದ ಆಯಿಸಿದಳು. ರಾತ್ರಿ ಆ ಕಾಳಿನ ಉಸಳಿ ಮಾಡಿ ರೊಟ್ಟಿಯ ಜೊತೆ ಉಂಡೆವು. ಅಷ್ಟೇ ಆ ದಿನ ನಡೆದದ್ದು.

ಮರುದಿನ ಹೆರಿಗೆಯಾಯಿತು. ಹೆಣ್ಣು ಮಗು ಚೆನ್ನಾಗಿತ್ತು. ಮಾಸು ಕಳಚಲಿಲ್ಲ. ರಕ್ತ ಹೋಯಿತು, ನಿಲ್ಲದೆ ಹೋಯಿತು. ಅವಳನ್ನು ದೊಡ್ಡ ಆಸ್ಪತ್ರೆಗೆ ಸಾಗಿಸಿದೆವು. ಬಾಟಲಿ ಮೇಲೆ ಬಾಟಲಿ ರಕ್ತ ಕೊಟ್ಟು ಅಲ್ಲಿಯವರು ಅವಳನ್ನು ಉಳಿಸಿದರು. ಅಣ್ಣನೂ ಗಂಡನೂ ತೋಳು ಚಾಚಿ ರಕ್ತ ಕೊಟ್ಟರು. ಅವಳು ಬದುಕಿದಳು ಎಂಬ ಸಂತೋಷದಲ್ಲಿ ಮಿಕ್ಕದ್ದೆಲ್ಲ ಸಣ್ಣದಾಗಿ ಕಂಡಿತು. ಎದೆಹಾಲು ಬರಲಿಲ್ಲ, ಒಂದು ಹನಿಯೂ ಬರಲಿಲ್ಲ. ರಕ್ತವೇ ಇಲ್ಲದ ಮೈಯಲ್ಲಿ ಹಾಲು ಎಲ್ಲಿಂದ ಬರಬೇಕು ಎಂದರು ಎಲ್ಲರೂ. ಮಗು ಅಪರ್ಣಾ ಬಟ್ಟಲು ಚಮಚೆಯಲ್ಲಿ ಆಕಳ ಹಾಲು ಕುಡಿದೇ ಬೆಳೆಯಿತು.

ಇದನ್ನು ಈ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗಿಯರಿಗಾಗಿ ಬರೆಯುತ್ತಿದ್ದೇನೆ. ನಾನು ಬಹಳ ಓದಿದವಳಲ್ಲ. ಸೊಲ್ಲಾಪುರದಲ್ಲಿ ದಾಯಿ ನರ್ಸಿನ ತರಬೇತಿ ಪಡೆದು, ಮದುವೆಯಾಗಿ ಪುಣೆಗೆ ಬಂದು, ಒಂದು ಹೆರಿಗೆ ಆಸ್ಪತ್ರೆಯಲ್ಲಿ ಬಾಣಂತಿಯರ ವಿಭಾಗಕ್ಕೆ ಸೇರಿದೆ. ನಿವೃತ್ತಿಯವರೆಗೂ ಅಲ್ಲೇ ಇದ್ದೆ. ಹೆರಿಗೆ ಮಾಡಿಸುವುದು ಬೇರೆಯವರ ಕೆಲಸ. ನಮ್ಮದು ಹೆರಿಗೆಯ ನಂತರದ್ದು. ಮಗುವಿನ ತೂಕ, ಚುಚ್ಚುಮದ್ದು, ತಾಯಿಯ ಹೊಲಿಗೆ, ಹಾಲು, ಆಮೇಲೆ ಮುಟ್ಟು.

ಮುಟ್ಟಿನ ಬಗ್ಗೆ ಕೇಳುವುದು ಸುಲಭ ಎಂದುಕೊಂಡು ನೀವು ಬರುತ್ತೀರಿ. ನಾನೂ ಹಾಗೇ ಬಂದೆ. ಮೊದಲ ವಾರ ಒಬ್ಬ ಸೊಸೆಯನ್ನು ಅವಳ ಅತ್ತೆಯ ಎದುರಿಗೇ ಮರಾಠಿಯಲ್ಲಿ "ಪಾಳಿ ಆಲೀ ಕಾ?" ಎಂದು ಗಟ್ಟಿಯಾಗಿ ಕೇಳಿದೆ. ಮುಟ್ಟು ಬಂತೇ ಎಂದು ಅದರ ಅರ್ಥ. ಸೊಸೆ ಇಲ್ಲ ಎಂದು ತಲೆಯಾಡಿಸಿದಳು. ಅತ್ತೆ "ಬಂದಿದೆ" ಎಂದಳು. ಇಬ್ಬರಿಗೂ ಅಲ್ಲೇ ಜಗಳ ಹತ್ತಿತು. ಸೊಸೆ ಮನೆಯಲ್ಲಿ ಬಂದಿದೆ ಎಂದು ಸುಳ್ಳು ಹೇಳಿ ತಿಂಗಳಿಗೆ ಮೂರು ದಿನ ಗಾರೆ ಕೆಲಸ ತಪ್ಪಿಸಿಕೊಂಡು ಮಲಗುತ್ತಿದ್ದಳಂತೆ.

ನಮ್ಮ ಇನ್‌ಚಾರ್ಜ್ ಸಿಸ್ಟರ್ ಕುಸುಮತಾಯಿ ನನ್ನನ್ನು ಒಳಗೆ ಕರೆದರು. ತೆಳ್ಳಗಿನ, ಸದಾ ಇಸ್ತ್ರಿ ಸೀರೆಯ ಮರಾಠಿ ಹೆಂಗಸು. ಬೈಯುವಾಗಲೂ ಧ್ವನಿ ಏರಿಸುತ್ತಿರಲಿಲ್ಲ.

"ನಿರ್ಮಲಾ, ಅತ್ತೆಯ ಕೈ ಖಾಲಿ ಇರುವಾಗ ಸೊಸೆಯನ್ನು ಏನೂ ಕೇಳಬಾರದು. ಮೊದಲು ಮಗುವನ್ನು ಅತ್ತೆಯ ಕೈಗೆ ಕೊಡು. ತೂಕದ ಸಾಲಿನಲ್ಲಿ ನಿಲ್ಲಿಸು. ಮೊಮ್ಮಗನ ತೂಕ ಏರಿತೋ ಇಳಿಯಿತೋ ಎಂಬ ಚಿಂತೆ ಇರುವ ತನಕ ಅವಳು ಈ ಕಡೆ ತಿರುಗುವುದಿಲ್ಲ. ಆಗ ಕೇಳು."

ಆ ಒಂದು ಮಾತಿನ ಮೇಲೆ ನಾನು ಇಡೀ ನೌಕರಿ ಮಾಡಿದೆ. ನಮ್ಮ ವಿಭಾಗದಲ್ಲಿ ತೂಕದ ಯಂತ್ರ ಯಾವಾಗಲೂ ಬಾಗಿಲಿಗೆ ದೂರ, ಕಿಟಕಿಯ ಹತ್ತಿರ ಇರುತ್ತಿದ್ದದ್ದು ಅದಕ್ಕೇ.

ಹೀಗೆ ಕೇಳಿದಾಗ ಹೆಂಗಸರು ಹೇಳುತ್ತಿದ್ದರು. ಕೇಳಿ ಕೇಳಿ ಎರಡು ತಪ್ಪು ತಿಳಿವಳಿಕೆಗಳು ನನಗೆ ಬಾಯಿಪಾಠವಾದವು. ಒಂದು, ಮುಟ್ಟು ಬಂದ ಮೇಲೆ ತಾಯಿಯ ಹಾಲು ಕೆಡುತ್ತದೆ ಎಂಬುದು. ಕಲಬುರಗಿ ಕಡೆಯ ಒಬ್ಬ ಅಜ್ಜಿ, ಸೊಸೆಗೆ ಐದನೇ ತಿಂಗಳಿಗೇ ಮುಟ್ಟು ಬಂತೆಂದು ಮೊಮ್ಮಗನಿಗೆ ಎದೆಹಾಲು ಬಿಡಿಸಿ ಬಾಟಲಿಗೆ ಹಾಕಿದ್ದಳು. ಕೂಸು ಭೇದಿಯಾಗಿ ಒಣಗಿದ ತೊಗಲಿನಂತಾಗಿತ್ತು. "ಕೆಟ್ಟ ನೆತ್ತರು ಹಾಲಿನಾಗ ಇಳೀತದರಿ ಬಾಯಾರ," ಎಂದಳು. "ಹಂಗಿದ್ರ ನಿನ್ನ ಮಗ ಹೆಂಗ ಬೆಳದ? ನೀ ಹೊರಗಾದಾಗ ಅವನಿಗೆ ಹಾಲು ಬಿಡಿಸಿದ್ದಿ ಏನು?" ಎಂದೆ. ಅಜ್ಜಿ ಕೂಸಿನ ಕಡೆ ನೋಡಿ, "ನಂಗ ಆಗ ಯಾರೂ ಬಿಡಸಂತ ಹೇಳಲೇ ಇಲ್ಲಲ್ರಿ," ಎಂದಳು. ನಾವಿಬ್ಬರೂ ನಕ್ಕೆವು. ಕೂಸನ್ನು ಅಲ್ಲಿಯೇ ಮತ್ತೆ ಎದೆಗೆ ಹಾಕಿಸಿದೆವು.

ಇನ್ನೊಂದು ತಪ್ಪು ತಿಳಿವಳಿಕೆ ಇದಕ್ಕಿಂತ ಹೆಚ್ಚು ಜನರಲ್ಲಿತ್ತು. ಮುಟ್ಟು ಮರಳುವ ತನಕ ಬಸಿರಾಗುವುದಿಲ್ಲ ಎಂಬುದು. ಇದು ಪೂರ್ತಿ ಸುಳ್ಳಲ್ಲ, ಅದಕ್ಕೇ ಅಪಾಯ. ಮಗುವಿಗೆ ಆರು ತಿಂಗಳಾಗುವ ತನಕ, ಹಗಲೂ ರಾತ್ರಿಯೂ ಬರೀ ಎದೆಹಾಲನ್ನೇ ಕುಡಿಸುತ್ತಿದ್ದರೆ, ಮುಟ್ಟೂ ಬಂದಿರದಿದ್ದರೆ, ಬಸಿರಾಗುವುದು ಅಪರೂಪ. ಗಂಜಿ, ಬಾಟಲಿ ಶುರುವಾದರೆ ಅಥವಾ ಆರು ತಿಂಗಳು ದಾಟಿದರೆ ಆ ರಕ್ಷಣೆ ಹೋಯಿತು. ಮೈ ಮೊದಲು ಅಂಡ ಬಿಡುತ್ತದೆ, ಮುಟ್ಟು ಬರುವುದು ಆಮೇಲೆ. ಆದ್ದರಿಂದ ನಡುವೆ ಒಂದು ಸಲವೂ ಮುಟ್ಟಾಗದೆಯೇ ಮತ್ತೆ ಬಸಿರಾದ ಎಷ್ಟೋ ಮಂದಿಯನ್ನು ನಾನು ನೋಡಿದೆ. "ಮುಟ್ಟು ಬಂದ ಮ್ಯಾಲ ಬರ್ತೀನ್ರಿ ಕಾಪರ್-ಟಿಗೆ" ಎಂದು ಹೋದವರು ನಾಲ್ಕು ತಿಂಗಳ ಹೊಟ್ಟೆ ಹೊತ್ತು ಬರುತ್ತಿದ್ದರು. ಮುಟ್ಟಿಗಾಗಿ ಕಾಯಬೇಡಿ ಎಂದು ಹೇಳುವುದೇ ನಮ್ಮ ಕೆಲಸದ ದೊಡ್ಡ ಭಾಗವಾಗಿತ್ತು.

ಅಂದರೆ ಮುಟ್ಟು ಬರದ ಬಾಣಂತಿಯನ್ನು ಕಂಡಾಗ ನಾವು ಎರಡೇ ಯೋಚಿಸುತ್ತಿದ್ದೆವು. ಹಾಲು ಕುಡಿಸುತ್ತಿದ್ದಾಳೆ, ಇಲ್ಲವೇ ಬಸಿರಾಗಿದ್ದಾಳೆ. ಮೂರನೆಯದೊಂದು ಇದೆ ಎಂದು ನನಗೆ ಗೊತ್ತಾದದ್ದು ಅಪರ್ಣಾಳ ಮೊದಲ ಹುಟ್ಟುಹಬ್ಬದ ದಿನ.

ಅದಕ್ಕೆ ಮೊದಲು ಬೇಸಿಗೆಯಲ್ಲಿ ಸುಮಾ ಖಡಕಿಗೆ ಬಂದಿದ್ದಳು. ಆಗ ಕೇಳಿದ್ದೆ. ಇನ್ನೂ ಬಂದಿಲ್ಲ ಎಂದಳು. ಅಷ್ಟು ರಕ್ತ ಹೋದ ಮೈ, ಕೂಸಿಗಿನ್ನೂ ನಾಲ್ಕು ತಿಂಗಳು. ಆಗ ಅದರಲ್ಲಿ ಯಾರಿಗೂ ವಿಶೇಷ ಕಾಣಲಿಲ್ಲ. ಆಮೇಲೆ ಅವಳ ಜೊತೆ ಮಾತಾಡಿದ್ದೆಲ್ಲ ಫೋನಿನಲ್ಲಿ. ಅವರ ಫೋನ್ ಅಂಗಡಿಯ ಗಲ್ಲೆಯ ಮೇಲೆ, ಸುತ್ತ ಹಮಾಲರು, ರೈತರು. ಅಲ್ಲಿ ನಿಂತು ಕೇಳುವ, ಹೇಳುವ ವಿಷಯ ಇದಲ್ಲ.

ಹುಟ್ಟುಹಬ್ಬಕ್ಕೆ ಶಿರೂರಿಗೆ ಹೋದೆವು. ಅಡುಗೆಮನೆಯಲ್ಲಿ ಸುಮಾ ಒಲೆಯ ಮುಂದೆ ನಿಂತು ಹೋಳಿಗೆ ಬೇಯಿಸುತ್ತಿದ್ದಳು. ಒಲೆಯ ಕಾವಿಗೆ ನಮಗೆಲ್ಲ ಬೆವರು. ಅವಳು ಮಾತ್ರ ಉಣ್ಣೆಯ ಸ್ವೆಟರ್ ಹಾಕಿಕೊಂಡಿದ್ದಳು. ಮುಖ ಮೇಣ ಹಚ್ಚಿದಂತೆ ಬಿಳುಪು. "ಬರ್ರಿ ವೈನಿ," ಎಂದಳು, ಅಷ್ಟೇ. ಬೇರೆ ಯಾವ ಮಾತೂ ಇಲ್ಲ, ನನ್ನನ್ನು ಕಾಡಲಿಲ್ಲ, ಕಂಡಕ್ಟರನ ಸುದ್ದಿ ತೆಗೆಯಲಿಲ್ಲ.

ಅವಳ ಅತ್ತೆ ಗಂಗಾಬಾಯಿ ಹೆಮ್ಮೆಯಿಂದ ಹೇಳಿದರು: "ನಮ್ಮ ಸುಮಾಂದು ಭಾಳ ಪುಣ್ಯದ ಕೈ ನೋಡ್ರಿ. ಹಡದು ವರ್ಷಾತು, ಒಂದು ದಿನಾನೂ ಹೊರಗ ಕೂತಿಲ್ಲ. ಪಂಚಮಿ ಇರಲಿ, ಗೌರಿ ಇರಲಿ, ನವರಾತ್ರಿ ಇರಲಿ, ನೈವೇದ್ಯದ ಅಡಿಗಿ ಎಲ್ಲಾ ಆಕೀದೇ."

ಆ ಮನೆಯಲ್ಲಿ ಮುಟ್ಟಾದವರು ಮೂರು ದಿನ ಹಿತ್ತಲ ಪಡಸಾಲೆಯಲ್ಲಿ ಕೂಡಬೇಕು. ಏನನ್ನೂ ಮುಟ್ಟುವಂತಿಲ್ಲ. ಅಂದು ಹಿರಿಯ ಸೊಸೆ ವಿಮಲಾ ಅಲ್ಲಿ ಕೂತಿದ್ದಳು. ಬಾಗಿಲಾಚೆಯಿಂದಲೇ ಕೂಗಿದಳು: "ಹೌದ್ರಿ, ಆಕಿ ದೇವರ ಸೊಸಿ. ನಾವು ಹಿತ್ತಲದ ಸೊಸ್ತೇರು!"

ನನ್ನ ಕೈಯಲ್ಲಿದ್ದ ಹೋಳಿಗೆ ಹಾಗೇ ಉಳಿಯಿತು. ಹಾಲು ಕುಡಿಸದ ಬಾಣಂತಿಗೆ ಎರಡು ಮೂರು ತಿಂಗಳಲ್ಲಿ ಮುಟ್ಟು ಮರಳಬೇಕು. ಇವಳು ಒಂದು ಹನಿ ಕುಡಿಸಿಲ್ಲ. ವರ್ಷವಾಗಿದೆ. ಬಸಿರಿನ ಲಕ್ಷಣ ಯಾವುದೂ ಇಲ್ಲ.

ಅವಳೊಡನೆ ಒಬ್ಬಳೇ ಮಾತಾಡಬೇಕಿತ್ತು. "ಗಂಗಾಬಾಯಿಯವರ, ಕೂಸಿನ ತೂಕಾ ನೋಡಿದ್ರೇನು?" ಎಂದೆ.

"ತೂಕಾ? ಕಾಳಿನ ಅಂಗಡಿಯವರಿಗೆ ತೂಕದ ಮಾತು ಹೇಳ್ತೀರೇನ್ರಿ?" ಎಂದು ಅವರು ಮೊಮ್ಮಗಳನ್ನು ಎತ್ತಿಕೊಂಡು ಮುಂದಿನ ಅಂಗಡಿಗೆ ಹೊರಟೇಬಿಟ್ಟರು. ಅಪರ್ಣಾ ಜೋಳದ ತಕ್ಕಡಿಯಲ್ಲಿ ಕೂತು ಕೇಕೆ ಹಾಕುವುದು ಒಳಗೆ ಕೇಳುತ್ತಿತ್ತು.

ಸುಮಾಳ ಕೈ ಹಿಡಿದೆ. ತಣ್ಣಗಿತ್ತು. ಒಲೆಯ ಮುಂದಿನ ಕೈ ಅದು.

"ಏನಾಗ್ತದ ನಿನಗ?"

"ಏನಿಲ್ಲ ವೈನಿ. ನಿದ್ದಿ. ಎದ್ದ ಮ್ಯಾಲೂ ನಿದ್ದಿ. ಬಾಯಿಗೆ ಏನೂ ಸೇರೂದಿಲ್ಲ."

"ನನ್ನ ಜೋಡಿ ಪುಣೆಕ್ಕ ಬಾ. ನಮ್ಮ ಮ್ಯಾಡಮ್ಮಗ ತೋರಸೂಣು. ಮುಟ್ಟು ಯಾಕ ಬಂದಿಲ್ಲ ಅಂತ ನೋಡಬೇಕು."

ಅವಳು ಕೈ ಬಿಡಿಸಿಕೊಂಡಳು. "ಬರೂದ ಬ್ಯಾಡ ಬಿಡ್ರಿ. ಮದಿವ್ಯಾಗಿ ಬಂದಾಗಿಂದ ಈ ಮನ್ಯಾಗ ನನಗ ಯಾರೂ ಛಲೋ ಅಂದಿದ್ದಿಲ್ಲ. ಉಪ್ಪು ಹೆಚ್ಚಾತು, ರೊಟ್ಟಿ ದಪ್ಪಾತು, ಇದೇ. ಈಗ ಅಂತಾರ. ಮುಟ್ಟು ಬಂದ್ರ ಮತ್ತ ಹಿತ್ತಲದಾಗ ಕೂಡಬೇಕು."

ನಾನು ನೇರವಾಗಿ ಹೇಳಿದೆ: "ಕೇಳು. ಹಿತ್ತಲ ಬಿಡು, ಹಬ್ಬ ಬಿಡು. ನಿನ್ನ ಮೈಯಾಗ ಏನೋ ನಿಂತೈತಿ. ಅದು ಬರೇ ಮುಟ್ಟಲ್ಲ. ನಿನಗ ಮಗಳದಾಳ."

ಗಂಗಾಬಾಯಿ ವಾಪಸ್ ಬಂದು ವಿಷಯ ಕೇಳಿ ಒಪ್ಪಲಿಲ್ಲ. ಕೆಟ್ಟವರಲ್ಲ ಅವರು. ಸೊಸೆಗೆ ತುಪ್ಪ, ಅಂಟಿನುಂಡೆ ಎಲ್ಲ ಸರಿಯಾಗಿ ಕೊಟ್ಟವರು. ಮುಟ್ಟು ಬಾರದಿರುವುದು ಒಂದು ಬೇನೆ ಎಂಬುದು ಅವರ ತಲೆಗೇ ಹೋಗಲಿಲ್ಲ. "ಬಂದ್ರ ಬೇನಿ ಅನ್ರಿ, ಬರದಿದ್ರ ಏನು ಬೇನಿ? ಸಂಕ್ರಮಣ ಮುಗೀಲಿ."

"ಆಮ್ಯಾಲ?"

"ಶಿವರಾತ್ರಿ ಬರ್ತದ. ಹೋಳಿ ಆಗಲಿ. ಯುಗಾದಿ ಮುಗಿಸಿಕೊಂಡು ಕಳಸ್ತೀನಿ ತಗೋರಿ."

ಆಗ ಹಿತ್ತಲಿನಿಂದ ವಿಮಲಾಳ ದನಿ ಬಂತು. ಈ ಸಲ ಅಣಕ ಇರಲಿಲ್ಲ. "ಅತ್ತಿಯವರ, ಆಕಿನ್ನ ಕಳಸ್ರಿ. ನಾ ತಿಂಗಳಿಗೊಮ್ಮಿ ಇಲ್ಲಿ ಕೂತು ನೋಡ್ತೀನಿ. ನೀವು ಅಡಿಗಿಮನ್ಯಾಗಿಂದ ನೋಡೂದಿಲ್ಲ. ಆಕಿ ನಳದಿಂದ ಒಂದು ಕೊಡಾ ನೀರು ಒಯ್ಯೂದ್ರಾಗ ಎರಡು ಸಲ ಕಟ್ಟಿ ಮ್ಯಾಲ ಕೂಡ್ತಾಳ. ಮೊನ್ನಿ ಕಣ್ಣಿಗೆ ಕತ್ತಲಿ ಬಂದು ಗೋಡಿ ಹಿಡಕೊಂಡು ನಿಂತಿದ್ಲು. ನಾ ಹಿಡೀಲಿಕ್ಕೆ ಹೋಗಲಿಲ್ಲ. ಹೊರಗಿದ್ದೆ, ಮುಟ್ಟೂ ಹಂಗಿದ್ದಿಲ್ಲ."

ಗಂಗಾಬಾಯಿ ಸುಮಾಳ ಮುಖವನ್ನು ಮೊದಲ ಸಲ ನೋಡುವವರ ಹಾಗೆ ನೋಡಿದರು. ಆಮೇಲೆ ಒಲೆಯ ಮೇಲಿನ ಹಂಚನ್ನು ತಾವೇ ಇಳಿಸಿದರು. "ಒಯ್ಯಿರಿ," ಎಂದರು.

ನಮ್ಮ ಆಸ್ಪತ್ರೆಯ ಲೇಡಿ ಡಾಕ್ಟರು, ನಾವು ಮ್ಯಾಡಮ್ ಎಂದೇ ಕರೆಯುತ್ತಿದ್ದವರು, ಸುಮಾಳನ್ನು ಕೂಡಿಸಿಕೊಂಡು ನಾಲ್ಕು ಪ್ರಶ್ನೆ ಕೇಳಿದರು. ಹೆರಿಗೆಯಲ್ಲಿ ರಕ್ತ ಬಹಳ ಹೋಗಿತ್ತೇ? ಹೋಗಿತ್ತು. ಹಾಲು ಬಂತೇ? ಇಲ್ಲ. ಮುಟ್ಟು ಬಂತೇ? ಇಲ್ಲ. ಹೆರಿಗೆಗೆ ಮೊದಲು ಬೋಳಿಸಿದ ಕೂದಲು ಮತ್ತೆ ಬೆಳೆಯಿತೇ? ಸುಮಾ ನಾಚಿ ನನ್ನ ಕಡೆ ನೋಡಿ, ಇಲ್ಲ ಎಂದಳು. ಮ್ಯಾಡಮ್ ಪೆನ್ನು ಕೆಳಗಿಟ್ಟು ನನಗೆ ಹೇಳಿದರು: "ಸಿಸ್ಟರ್, ಬಾಗಿಲು ಹಾಕಬೇಡಿ. ಉಳಿದ ನರ್ಸುಗಳನ್ನೂ ಕರೆಯಿರಿ. ಎಲ್ಲರೂ ನೋಡಲಿ." ಸುಮಾಳ ಒಪ್ಪಿಗೆ ಕೇಳಿಯೇ ಕರೆಸಿದರು.

ಅವರು ನಮಗೆ ತಿಳಿಸಿದ್ದನ್ನು ನಿಮಗೂ ತಿಳಿಸುತ್ತೇನೆ. ಮೆದುಳಿನ ಬುಡದಲ್ಲಿ ಬಟಾಣಿ ಕಾಳಿನಷ್ಟು ಒಂದು ಗ್ರಂಥಿ ಇದೆ. ಮೈಯ ಉಳಿದ ಗ್ರಂಥಿಗಳಿಗೆಲ್ಲ ಅಪ್ಪಣೆ ಕೊಡುವುದು ಅದೇ. ಬಸಿರಿನಲ್ಲಿ ಅದು ದೊಡ್ಡದಾಗುತ್ತದೆ, ಹೆಚ್ಚು ರಕ್ತ ಬೇಡುತ್ತದೆ. ಹೆರಿಗೆಯಲ್ಲಿ ವಿಪರೀತ ರಕ್ತ ಹೋದರೆ ಕೆಲವರಲ್ಲಿ ಆ ಗ್ರಂಥಿ ಸತ್ತುಹೋಗುತ್ತದೆ. ಹಾಲಿನ ಅಪ್ಪಣೆ ಇಲ್ಲ, ಮುಟ್ಟಿನ ಅಪ್ಪಣೆ ಇಲ್ಲ. ಮೈ ಬೆಚ್ಚಗಿಡುವ, ಬೇನೆ ತಡೆದುಕೊಳ್ಳುವ ಶಕ್ತಿಯೂ ಇಳಿಯುತ್ತ ಹೋಗುತ್ತದೆ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ. ಸೋಮಾರಿ ಎನ್ನುತ್ತಾರೆ, ಬಾಣಂತನ ಸರಿಯಾಗಲಿಲ್ಲ ಎನ್ನುತ್ತಾರೆ. ಒಂದು ದಿನ ಸಣ್ಣ ಜ್ವರಕ್ಕೆ ಮನುಷ್ಯಳೇ ಹೋಗಿಬಿಡುತ್ತಾಳೆ.

ದೊಡ್ಡ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಯಾಗಿ ಅದೇ ಎಂದು ಖಚಿತವಾಯಿತು. ಗುಳಿಗೆ ಶುರುವಾದವು. ಮೊದಲು ಬೇನೆ ತಡೆಯುವ ಶಕ್ತಿ ಕೊಡುವುದು, ಅದು ಮೈಗೆ ಹಿಡಿದ ಮೇಲೆ ಮೈ ಬೆಚ್ಚಗಿಡುವುದು, ಆಮೇಲೆ ಮುಟ್ಟು ಬರಿಸುವವು. ಹದಿನೈದು ದಿನದಲ್ಲಿ ಸುಮಾ ಸ್ವೆಟರ್ ತೆಗೆದಳು. ತಿಂಗಳೊಳಗೆ ನನ್ನ ಸಾರಿನಲ್ಲಿ ಹುಣಸೆಹಣ್ಣು ಹೆಚ್ಚಾಯಿತು ಎಂದು ತಕರಾರು ತೆಗೆದಳು. ನನ್ನ ಯಜಮಾನರು ತಟ್ಟೆಯ ಮುಂದೆ ಕೂತು ಕಣ್ಣೊರೆಸಿಕೊಂಡರು. ಸಾರು ಖಾರ ಎಂದರು.

ಶಿರೂರಿಗೆ ಮರಳಿದ ಕೆಲವು ವಾರಗಳ ನಂತರ ಆಸ್ಪತ್ರೆಗೆ ಫೋನ್ ಬಂತು. ಅವರ ಮನೆಯೊಳಗೂ ಆಗ ಒಂದು ಫೋನ್ ಹಾಕಿಸಿದ್ದರು. ಮುಟ್ಟಾದವರು ಅದನ್ನೂ ಮುಟ್ಟುವಂತಿರಲಿಲ್ಲ. ಆದ್ದರಿಂದ ವಿಮಲಾ ರಿಸೀವರನ್ನು ತಂತಿ ಎಳೆಯುವಷ್ಟು ಎಳೆದು ಹಿತ್ತಲ ಕಿಟಕಿಯ ಸರಳಿನ ಹತ್ತಿರ ಹಿಡಿದಿದ್ದಳು. ಸುಮಾ ಮಾರು ದೂರದಿಂದ ಕೂಗುತ್ತಿದ್ದಳು.

"ವೈನೀ! ನಾ ಹಿತ್ತಲದಾಗ ಕೂತೀನಿ!"

ಹಿಂದಿನಿಂದ ಗಂಗಾಬಾಯಿ: "ಸಣ್ಣಂಗ ಮಾತಾಡಽ, ಹಮಾಲರು ಕೇಳ್ತಾರ!"

"ಕೇಳ್ಲಿ ಬಿಡ್ರಿ! ವೈನಿ, ಕೇಳಸ್ತಾ? ನನಗ ಈಗ ಮೂರು ದಿನ ರಜಾ! ವಿಮಲಕ್ಕ ಅಡಿಗಿ ಮಾಡ್ತಾಳ, ನಾ ಉಣ್ಣಾಕಿ!"

"ಉಣ್ಣವಾ, ಉಣ್ಣು," ಎಂದು ವಿಮಲಾ ರಿಸೀವರಿಗೇ ಹೇಳಿದ್ದು ನನ್ನ ಕಿವಿಗೇ ಬಿತ್ತು. "ನಾಕು ದಿನಕ್ಕ ನನ್ನ ಪಾಳೀನೂ ಬರ್ತದ."

ಕುಸುಮತಾಯಿ ನನ್ನ ಹಿಂದೆಯೇ ನಿಂತಿದ್ದರು. ಅವರಿಗೆ ಕನ್ನಡ ಬಾರದು. ಆದರೂ ಆ ಕೂಗಿನಿಂದಲೇ ಅವರಿಗೆ ಅರ್ಥವಾಯಿತು. "ಪಾಳಿ ಆಲೀ?" ಎಂದರು. ಹೌದೆಂದೆ. ಅವರು ತಮ್ಮ ಡಬ್ಬಿಯಿಂದ ಒಂದು ಲಾಡು ತೆಗೆದು ನನ್ನ ಕೈಯಲ್ಲಿಟ್ಟು ವಾರ್ಡಿಗೆ ಹೋದರು.

ಅದು ಗುಳಿಗೆಯಿಂದ ಬಂದ ಮುಟ್ಟು, ತಾನಾಗಿ ಬಂದದ್ದಲ್ಲ. ಸತ್ತ ಗ್ರಂಥಿ ಮತ್ತೆ ಚಿಗುರುವುದಿಲ್ಲ. ಗುಳಿಗೆ ಜೀವನಪೂರ್ತಿ. ಜ್ವರ ಬಂದರೆ ಮೊದಲನೆಯ ಗುಳಿಗೆ ಎರಡರಷ್ಟು, ವಾಂತಿಯಾದರೆ ಇಂಜೆಕ್ಷನ್. ಇದನ್ನು ನಾನು ಶಿರೂರಿನ ಆ ಮನೆಯಲ್ಲಿ ಎಲ್ಲರಿಗೂ ಕೂಡಿಸಿ ಹೇಳಿದೆ. ಎಲ್ಲರಿಗಿಂತ ಚೆನ್ನಾಗಿ ಕಲಿತವರು ಗಂಗಾಬಾಯಿ. ಬೆಳಿಗ್ಗೆ "ಗುಳಿಗಿ ನುಂಗಿದಿ?" ಎಂದು ಕೇಳಿ, ಸೊಸೆ ಬಾಯಿ ತೆರೆದು ತೋರಿಸಿದ ಮೇಲೆಯೇ ಚಹಾ ಕೊಡುತ್ತಿದ್ದರು. ಸಂಕಷ್ಟಿಯ ಉಪವಾಸದ ದಿನ ಗುಳಿಗೆ ನುಂಗಿದರೆ ಉಪವಾಸ ಮುರಿಯುವುದಿಲ್ಲ ಎಂದು ಅವರೇ ಅಪ್ಪಣೆ ಕೊಟ್ಟರು. ಯಾವ ಭಟ್ಟರನ್ನೂ ಕೇಳಲಿಲ್ಲ.

ನಮ್ಮ ವಿಭಾಗದಲ್ಲೂ ಕೆಲಸದ ರೀತಿ ಬದಲಾಯಿತು. ಹೆರಿಗೆಯಲ್ಲಿ ಹೆಚ್ಚು ರಕ್ತ ಹೋದವರನ್ನು ನಾವು ಬೇರೆಯಾಗಿ ನೆನಪಿಟ್ಟು, ಮಗುವಿನ ಚುಚ್ಚುಮದ್ದಿಗೆ ಬಂದಾಗಲೆಲ್ಲ ಕೇಳತೊಡಗಿದೆವು. ಹಾಲಿದೆಯೇ, ಮುಟ್ಟು ಬಂತೇ, ಚಳಿ ಎನಿಸುತ್ತದೆಯೇ. ಹೆರಿಗೆಯ ಆರು ವಾರದೊಳಗೆ ಹೋಗುವ ರಕ್ತವನ್ನು ಮುಟ್ಟು ಎಂದು ಹೇಳುವವರು ಬಹಳ. ಅದು ಮುಟ್ಟಲ್ಲ, ಬಾಣಂತಿ ಸ್ರಾವ ಎಂದು ಬಿಡಿಸಿ ಕೇಳಬೇಕು. ಮೊದಲೆಲ್ಲ ಲಸಿಕೆಗೆಂದು ಮನೆಮನೆಗೆ ಹೋದಾಗ ಹಗ್ಗದ ಮೇಲಿನ ಸೀರೆಯ ಕೆಳಗೆ ಮುಚ್ಚಿ ಒಣಹಾಕಿದ ಬಟ್ಟೆಯ ತುಂಡು ಕಂಡರೆ ಕೇಳದೆಯೇ ಗೊತ್ತಾಗುತ್ತಿತ್ತು. ಎರಡು ಸಾವಿರದ ನಂತರ ಪ್ಯಾಡುಗಳು ಬಂದವು. ಹೆಂಗಸರಿಗೆ ಸುಖವಾಯಿತು, ಒಳ್ಳೆಯದೇ. ನಮಗೆ ಮಾತ್ರ ಬಾಯಿ ಬಿಟ್ಟು ಕೇಳುವುದೊಂದೇ ದಾರಿ ಉಳಿಯಿತು. ಹೊಸ ಹುಡುಗಿಯರು ನಾಚುತ್ತಿದ್ದರು. ನಾಚುವವರು ಈ ವಿಭಾಗಕ್ಕೆ ಬರಬಾರದು ಎಂದು ಕುಸುಮತಾಯಿ ನಿವೃತ್ತಿಯಾಗುವ ದಿನವೂ ಹೇಳಿ ಹೋದರು.

ಸುಮಾ ಹತ್ತು ವರ್ಷಕ್ಕೂ ಹೆಚ್ಚು ಬದುಕಿದಳು. ಚೆನ್ನಾಗಿಯೇ ಬದುಕಿದಳು. ಅಪರ್ಣಾಳನ್ನು ಬೆಳೆಸಿದಳು, ಅಂಗಡಿಯ ಗಲ್ಲೆಯ ಮೇಲೆ ಕೂತು ರೈತರ ಜೊತೆ ಮರಾಠಿಯಲ್ಲಿ ವಾದ ಮಾಡಿದಳು, ದಪ್ಪಗಾದಳು. ದಪ್ಪಗಾದದ್ದಕ್ಕೆ ನನ್ನ ಗುಳಿಗೆಯೇ ಕಾರಣ ಎಂದು ಬೈದಳು.

ಒಂದು ಮಳೆಗಾಲದ ಬೆಳಿಗ್ಗೆ ಅವಳಿಗೆ ವಾಂತಿ ಭೇದಿ ಶುರುವಾಯಿತು. ಊರಲ್ಲೆಲ್ಲ ಅದೇ ಇತ್ತು. ಗುಳಿಗೆ ಕೊಟ್ಟರು, ಹೊರಬಂತು. ಮತ್ತೆ ಕೊಟ್ಟರು, ಮತ್ತೆ ಬಂತು. ಗಂಗಾಬಾಯಿ ತಡ ಮಾಡಲಿಲ್ಲ. ಹತ್ತಿರದ ದವಾಖಾನೆಗೆ ಒಯ್ದರು, ಸಲೈನ್ ಹಚ್ಚಿಸಿದರು, ಇಂಜೆಕ್ಷನ್ನಿನ ಹೆಸರನ್ನೂ ತಪ್ಪಿಲ್ಲದೆ ಹೇಳಿದರು. ಅಲ್ಲಿ ಆ ದಿನ ಅದು ಇರಲಿಲ್ಲ. ಔಷಧದ ಅಂಗಡಿಗಳಲ್ಲೂ ಇರಲಿಲ್ಲ. ಜೀಪಿನಲ್ಲಿ ಪುಣೆಗೆ ಹೊರಟರು. ಅವರ ಫೋನ್ ಬಂದೊಡನೆ ನಾನು ಇಂಜೆಕ್ಷನ್ ಹಿಡಿದುಕೊಂಡು ಇತ್ತಿಂದ ಹೊರಟೆ. ಶಿರೂರಿನ ರಸ್ತೆಯಲ್ಲಿ, ವಾಘೋಲಿ ದಾಟಿದ ಮೇಲೆ, ಅವರ ಜೀಪು ಎದುರಾಯಿತು. ಗಂಗಾಬಾಯಿಯ ತೊಡೆಯ ಮೇಲೆ ಅವಳ ತಲೆ ಇತ್ತು. ನಾನು ಇಂಜೆಕ್ಷನ್ ಕೊಟ್ಟೆ. ಆಗಲೇ ಹೋಗಿದ್ದಳು. ಆದರೂ ಕೊಟ್ಟೆ.

ಯಾರದೂ ತಪ್ಪಿರಲಿಲ್ಲ. ಮಾಡಬೇಕಾದದ್ದನ್ನು ಎಲ್ಲರೂ ಮಾಡಿದ್ದರು. ಈ ಮಾತನ್ನು ಗಂಗಾಬಾಯಿಗೆ ನಾನು ಎಷ್ಟೋ ಸಲ ಹೇಳಿದ್ದೇನೆ, ಅವರೂ ನನಗೆ ಹೇಳಿದ್ದಾರೆ. ಆಮೇಲೆ ಒಂದು ಕೆಲಸ ಮಾಡಿದೆ. ಇಂಥ ಗುಳಿಗೆಯ ಮೇಲಿರುವ ಪ್ರತಿ ಹೆಂಗಸಿನ ಮನೆಯಲ್ಲೂ ಇಂಜೆಕ್ಷನ್ ಇರಬೇಕು, ಅದನ್ನು ಚುಚ್ಚಲು ಮನೆಯ ಒಬ್ಬರಿಗಾದರೂ ಬರಬೇಕು ಎಂದು ಮ್ಯಾಡಮ್ ಮುಂದೆ ಹಟ ಹಿಡಿದೆ. ಅವರು ಒಪ್ಪಿದರು. ಹಳೆಯ ದಿಂಬಿನ ಮೇಲೆ ಗಂಡಂದಿರಿಗೆ, ಅತ್ತೆಯರಿಗೆ ಚುಚ್ಚಲು ಕಲಿಸಿದೆ. ನೀವೂ ಕಲಿಸಿ.

ನಿವೃತ್ತಿಗೆ ಮೊದಲಿನ ವರ್ಷ ಪುಣೆಯ ಅಂಚಿನ ಖರಾಡಿಯಲ್ಲಿ ಕಟ್ಟಡಗಳು ಏಳುತ್ತಿದ್ದ ಜಾಗಕ್ಕೆ ಲಸಿಕೆಗೆಂದು ಹೋಗಿದ್ದೆ. ತಗಡಿನ ಶೆಡ್ಡುಗಳಲ್ಲಿ ಯಾದಗಿರಿ ಕಡೆಯ ಜನ. ಮಲ್ಲಮ್ಮ ಎಂಬ ಹುಡುಗಿ ಮಗುವನ್ನು ತಂದಳು. ಮೇ ತಿಂಗಳು, ತಗಡು ಕಾದು ಸುಡುತ್ತಿತ್ತು. ಅವಳು ಕಂಬಳಿ ಹೊದ್ದಿದ್ದಳು.

"ಕೆಲಸಗಳ್ಳಿ ರೀ ಆಕಿ," ಎಂದ ಗಂಡ. "ಬುಟ್ಟಿ ಹೊರಂದ್ರ ಮಕ್ಕೋತಾಳ. ಊರಿಗಿ ಕಳಿಸಿಬಿಡ್ತೀನ್ರಿ."

ಮಗುವನ್ನು ಅವನ ಕೈಗೇ ಕೊಟ್ಟು ತೂಕದ ಸಾಲಿಗೆ ಕಳಿಸಿದೆ. ಆಮೇಲೆ ಕೇಳಿದೆ.

"ಹಡಿಯುವಾಗ ರಕ್ತ ಭಾಳ ಹೋಗಿತ್ತೇನವಾ?"

"ಹೋಗಿತ್ರಿ ಯಕ್ಕಾ. ಸತ್ತಾಳಂತ ಹೊರಗ ಹಾಕಿದ್ರಂತ."

"ಹಾಲು?"

"ಇಲ್ರಿ."

"ಮುಟ್ಟು?"

"ಅದೂ ಇಲ್ರಿ. ಯಾರೂ ಕೇಳಿಲ್ರಿ ಯಕ್ಕಾ, ನೀವೇ ಕೇಳಾಕತ್ತೀರಿ."

ಅವಳನ್ನು ನನ್ನ ಜೊತೆಯಲ್ಲೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅದೇ ಬೇನೆ. ಅವಳ ಗಂಡ ಚುಚ್ಚುವುದನ್ನು ಬಹಳ ಬೇಗ ಕಲಿತ. ಗಾರೆ ಕೆಲಸದವರ ಕೈ, ನಡುಗುವುದಿಲ್ಲ. ಮಲ್ಲಮ್ಮ ಈಗಲೂ ಇದ್ದಾಳೆ. ಊರಿಗೆ ಹೋಗಿ ಬಂದಾಗ ಜೋಳದ ಹಿಟ್ಟು ತಂದುಕೊಟ್ಟು, ನನ್ನ ಕೈಯ ರೊಟ್ಟಿ ತಿಂದು, ಹಿಟ್ಟು ಛಲೋ ಅದ, ರೊಟ್ಟಿ ಅಷ್ಟಕ್ಕಷ್ಟೇ ಎಂದು ಹೇಳಿ ಹೋಗುತ್ತಾಳೆ.

ಕೇಳುವುದಕ್ಕೆ ಹಿಂಜರಿಯಬೇಡಿ. ಮಗುವಿನ ಬಗ್ಗೆ ಕೇಳುವವರು ಮನೆ ತುಂಬ ಇರುತ್ತಾರೆ. ತಾಯಿಯ ಮುಟ್ಟಿನ ಬಗ್ಗೆ ಕೇಳಲು ನೀವೊಬ್ಬರೇ ಇರುವುದು.

ನಾನು ಲಸಿಕೆಗೆ ಹೋಗುತ್ತಿದ್ದ ಕೇರಿಗಳ ಹೆಂಗಸರು ಇಂದಿಗೂ ನನ್ನನ್ನು ಬಾಯಾರು ಎನ್ನುತ್ತಾರೆ. ಮಲ್ಲಮ್ಮ ಯಕ್ಕಾ ಎನ್ನುತ್ತಾಳೆ. ಕಾಲೇಜಿಗೆ ಹೋಗುವ ಅಪರ್ಣಾ ಮಾಮಿ ಎನ್ನುತ್ತಾಳೆ, ಗಂಗಾಬಾಯಿ ಹೆಸರು ಹಿಡಿದೇ ಕರೆಯುತ್ತಾರೆ. ನನ್ನ ಯಜಮಾನರಿಗೆ ಇದ್ದದ್ದು ಒಬ್ಬಳೇ ತಂಗಿ. ಮನೆಯಲ್ಲಿ ನನ್ನನ್ನು ವೈನಿ ಎಂದು ಕರೆಯುವವರು ಈಗ ಯಾರೂ ಇಲ್ಲ.